ಮೂರು ಗಂಟೆಯ ಮಳೆ

ಬೆಳಗಿನ ಜಾವ ಮೂರಕ್ಕೆ ಎರಡು ನಿಮಿಷ ಇರುವಾಗ ಟೊಕುಜೊ ಬಾವಿಯ ಹತ್ತಿರ ನಿಂತ. ಮಳೆ ಜೋರಾಗಿತ್ತು. ಮಳೆಯ ಸದ್ದಿನೊಳಗೆ ಇನ್ನೊಂದು ಸದ್ದು ಕೇಳಿತ್ತು. ತಾಮ್ರಕ್ಕೆ ಗಾಜು ತಾಕಿದ ಸದ್ದು. ಟಿಣ್... ಒಂದೇ ಸಲ.

ಲಾಟೀನು ಎತ್ತಿ ಹಿಡಿದ. ಬಾವಿಯಾಚೆ ಇಸಾಬುರೊನ ಅಂಗಳ. ಅಂಗಳದ ನಡುವೆ ಮಳೆ ಅಳೆಯುವ ತಾಮ್ರದ ಡಬ್ಬಿ. ಅದರ ಹಿಂದೆ ಥರ್ಮಾಮೀಟರುಗಳ ಬಿಳಿ ಪೆಟ್ಟಿಗೆ. ಯಾರೂ ಇರಲಿಲ್ಲ. ಇಸಾಬುರೊ ಸತ್ತು ಮೂರು ವರ್ಷವಾಗಿತ್ತು. ಮನೆಯ ಬಾಗಿಲಿಗೆ ಹಲಗೆ ಹೊಡೆದಿದ್ದರು.

ಟೊಕುಜೊ ಡಬ್ಬಿಯ ಬೀಗ ತೆಗೆದ. ಬಾಯಿಯ ಆಲಿಕೆ ಎತ್ತಿದ. ಒಳಗಿನ ಬಾಟಲಿ ತೆಗೆದು ಬೆಳಕಿಗೆ ಹಿಡಿದ. ಮೂರು ಗಂಟೆ ಕಾಲ ಸುರಿದ ಮಳೆ. ಬಾಟಲಿಯಲ್ಲಿ ಎರಡು ಹನಿ.

ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದ. ಅಳತೆಯ ಗಾಜು ಅಲ್ಲೇ ಇರುತ್ತದೆ, ಗೂಟಕ್ಕೆ ತಲೆಕೆಳಗಾಗಿ. ಹನ್ನೆರಡು ಗಂಟೆಗೆ ಅವನೇ ಒರೆಸಿ ನೇತು ಹಾಕಿದ್ದ. ಈಗ ಅದರ ಒಳಮೈಯೆಲ್ಲ ಒದ್ದೆ. ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಟಪ್... ಟಪ್...

ಯಾರೋ ಆಗಲೇ ಅಳೆದು ಹೋಗಿದ್ದರು.

ಟೊಕುಜೊ ನನ್ನ ದೊಡ್ಡಪ್ಪನ ಮಗ. ನನಗಿಂತ ನಾಲ್ಕು ವರ್ಷ ದೊಡ್ಡವನು. ನಾನು ನಮ್ಮೂರು ನೆಬುತಾನಿಯ ಅಂಚೆ ಕಚೇರಿಯಲ್ಲಿ, ಕರೆಗಳನ್ನು ಜೋಡಿಸುವ ಟೆಲಿಫೋನ್ ಹಲಗೆಯ ಮುಂದೆ ಕೂರುತ್ತಿದ್ದೆ. ರಾತ್ರಿ ಪಾಳಿ ಯಾವಾಗಲೂ ನನ್ನದೇ. ಈ ಕತೆಯಲ್ಲಿ ಅರ್ಧ ಅವನು ಹೇಳಿದ್ದು, ಅರ್ಧ ನಾನು ಕಂಡದ್ದು. ಇಲ್ಲದ್ದನ್ನು ಸೇರಿಸಿ ಹೇಳುವ ಅಭ್ಯಾಸ ನನಗಿಲ್ಲ.

ಮಳೆ ಅಳೆಯುವುದು ದೊಡ್ಡ ವಿದ್ಯೆಯೇನಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹೋಗಬೇಕು. ಬಾಟಲಿಯ ನೀರನ್ನು ಗಾಜಿಗೆ ಸುರಿಯಬೇಕು. ಮಂಡಿಯೂರಿ, ನೀರಿನ ಮಟ್ಟಕ್ಕೆ ಕಣ್ಣು ತಂದು, ಗೀಟು ಓದಬೇಕು. ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆಯಬೇಕು. ರಬ್ಬರು ಮುಟ್ಟುವಂತಿಲ್ಲ. ನೀರು ಚೆಲ್ಲಬೇಕು. ಅಷ್ಟೇ. ತಿಂಗಳ ಕೊನೆಗೆ ಎಲ್ಲವನ್ನೂ ಶಾಯಿಯಲ್ಲಿ ಒಂದು ಹಾಳೆಗೆ ಇಳಿಸಿ ಪಟ್ಟಣದ ಹವಾಮಾನ ಕಚೇರಿಗೆ ಅಂಚೆಯಲ್ಲಿ ಕಳಿಸಬೇಕು. ಊರೂರಿನಿಂದ ಹೀಗೆ ಹಾಳೆ ಬರುತ್ತವೆ. ಅರ್ಚಕರು, ಮೇಷ್ಟ್ರುಗಳು, ಗದ್ದೆಯವರು ಬರೆದದ್ದು. ದೇಶದ ಮಳೆ ಅಂದರೆ ಇದೇ.

ದೊಡ್ಡ ಮಳೆಯ ಎಚ್ಚರಿಕೆ ಬಂದ ದಿನ ಮಾತ್ರ ಕೆಲಸ ಬೇರೆ. ಮೂರು ಗಂಟೆಗೊಮ್ಮೆ ಅಳೆಯಬೇಕು, ರಾತ್ರಿಯೂ. ಅಂಕಿಯನ್ನು ಟೆಲಿಫೋನಿನಲ್ಲಿ ನನಗೆ ಹೇಳಬೇಕು. ನಾನು ಪಟ್ಟಣಕ್ಕೆ ದಾಟಿಸುತ್ತಿದ್ದೆ. ಮೂರು ಗಂಟೆಯಲ್ಲಿ ಎಂಬತ್ತು ಮಿಲಿಮೀಟರ್ ದಾಟಿತೆಂದರೆ ನಾನು ಬೆಂಕಿಗಂಟೆ ಬಾರಿಸಬೇಕು. ಹೊಳೆಯ ಪಕ್ಕದ ಕೆಳಕೇರಿಯವರು ಎದ್ದು ದೇವಸ್ಥಾನದ ದಿಣ್ಣೆ ಹತ್ತಬೇಕು.

ಅಳೆಯಲು ಆಗದಿದ್ದರೆ ಆ ಸಾಲಿಗೆ ಅಡ್ಡಗುರುತು. ಅದಕ್ಕೆ ಯಾರೂ ಬೈಯುವುದಿಲ್ಲ. ಅಂದಾಜು ಬರೆಯುವುದು ಮಾತ್ರ ಕೂಡದು. ಅದೊಂದು ಮಾಡಿದವನನ್ನು ಈ ಕೆಲಸದವರು ಮನುಷ್ಯ ಅನ್ನುವುದಿಲ್ಲ.

ಇಸಾಬುರೊ ಅದನ್ನು ಮಾಡಿದ್ದ.

ಇಪ್ಪತ್ತೆರಡು ವರ್ಷ ಅಳೆದವನು. ಒಂದು ದಿನ ತಪ್ಪಿಸಿರಲಿಲ್ಲ. ಒಂದು ರಾತ್ರಿ ಜ್ವರ ಬಂದಿತ್ತು. ಮೂರು ಗಂಟೆಗೆ ಎಚ್ಚರವಾಯಿತು, ಮಳೆ ಕೇಳಿಸಿತು, ಹಾಸಿಗೆ ಬಿಟ್ಟು ಏಳಲಿಲ್ಲ. ಕೂತಲ್ಲೇ ಹನ್ನೆರಡು ಮಿಲಿಮೀಟರ್ ಅಂತ ಬರೆದ. ನನಗೂ ಹಾಗೇ ಹೇಳಿದ. ನಾನು ಗಂಟೆ ಬಾರಿಸಲಿಲ್ಲ. ಬೆಳಗಾಗುವುದರೊಳಗೆ ಕೆಳಕೇರಿಯ ಒಂಬತ್ತು ಜನ ಹೊಳೆಯಲ್ಲಿ ಹೋದರು. ಒಂಬತ್ತು ಗಂಟೆಗೆ ಅವನು ಡಬ್ಬಿ ತೆರೆದಾಗ ಒಳಗಿನ ಬಾಟಲಿ ತುಂಬಿ ಹೊರಗಿನ ಡಬ್ಬಿಗೂ ಹರಿದಿತ್ತು.

ಹೆಣ ಸುಡುವಾಗ ಅವನೇ ಎಲ್ಲರ ಮುಂದೆ ಹೇಳಿಕೊಂಡ. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೂರು ವರ್ಷ ಅವನ ಮನೆಯಲ್ಲಿ ಯಾರೂ ಚಹಾ ಕುಡಿಯಲಿಲ್ಲ. ಆಮೇಲೆ ಚಳಿಗಾಲದ ಒಂದು ಒಣ ಬೆಳಿಗ್ಗೆ ಡಬ್ಬಿಯ ಪಕ್ಕ ಮಂಡಿಯೂರಿ ಕೂತಂತೆಯೇ ಸತ್ತಿದ್ದ. ಕೈಯಲ್ಲಿ ಗಾಜಿತ್ತು. ಖಾಲಿ.

ಕೆಲಸ ಪಕ್ಕದ ಮನೆಯ ಟೊಕುಜೊಗೆ ಬಂತು. ಡಬ್ಬಿ ಮಾತ್ರ ಇಸಾಬುರೊನ ಅಂಗಳದಲ್ಲೇ ಉಳಿಯಿತು. ಡಬ್ಬಿಯ ಜಾಗ ಬದಲಿಸಿದರೆ ಹಳೆಯ ಅಂಕಿಗಳ ಪಕ್ಕ ಹೊಸ ಅಂಕಿ ಇಡಲು ಬರುವುದಿಲ್ಲ. ಕಚೇರಿಯವರು ಒಪ್ಪಲಿಲ್ಲ. ಹಾಗಾಗಿ ಟೊಕುಜೊ ದಿನವೂ ಬಾವಿ ದಾಟಿ ಸತ್ತವನ ಅಂಗಳಕ್ಕೆ ಹೋಗಬೇಕಾಯಿತು. ಅವನ ಮನೆಯಿಂದ ಇನ್ನೂರು ಹೆಜ್ಜೆ.

ಮೊದಮೊದಲು ಏನೂ ಆಗಲಿಲ್ಲ. ಮೂರನೆಯ ವರ್ಷದ ಜೂನ್ ಮಳೆಯಲ್ಲಿ ಶುರುವಾಯಿತು. ಹಗಲು ಎಲ್ಲ ಸರಿ. ರಾತ್ರಿ ಒಂಬತ್ತಕ್ಕೆ ಸರಿ, ಹನ್ನೆರಡಕ್ಕೆ ಸರಿ. ಮೂರು ಗಂಟೆಗೆ ಹೋದರೆ ಬಾಟಲಿ ಖಾಲಿ, ಗಾಜು ಒದ್ದೆ. ಬೀಗ ಹಾಕಿದ ಹಾಗೇ ಇರುತ್ತಿತ್ತು.

ಟೊಕುಜೊ ಹೆದರುವ ಜಾತಿಯಲ್ಲ. ಮೊದಲು ಬಾಟಲಿ ಸೋರುತ್ತಿದೆಯೇ ಎಂದು ನೀರು ತುಂಬಿಟ್ಟು ನೋಡಿದ. ಸೋರಲಿಲ್ಲ. ಡಬ್ಬಿಯ ಬೆಸುಗೆ ನೋಡಿದ. ಬೀಗ ಬದಲಿಸಿದ. ಮೂರು ಗಂಟೆಯ ಸಾಲಿಗೆ ಅಡ್ಡಗುರುತು ಹಾಕುತ್ತ ಹೋದ. ಜೂನ್ ಹಾಳೆಯಲ್ಲಿ ನಾಲ್ಕು ಅಡ್ಡಗುರುತು. ಜುಲೈಯಲ್ಲಿ ಐದು.

ಅವನ ಹೆಂಡತಿ ಸುಯೆ ಬುದ್ಧಿವಂತೆ. ಬಟ್ಟೆ ಒಗೆಯುವ ಮರದ ತೊಟ್ಟಿಯನ್ನು ಪಕ್ಕದಲ್ಲಿ ಇಡಿ, ಅದರಲ್ಲಿ ಬಿದ್ದ ನೀರನ್ನು ಅಳೆಯಿರಿ ಅಂದಳು.

"ತೊಟ್ಟಿಯ ಮಳೆಯನ್ನ ಸರ್ಕಾರ ಓದೋದಿಲ್ಲ" ಅಂದ ಟೊಕುಜೊ.

"ಖಾಲಿ ಬಾಟಲಿ ಓದುತ್ತಾ?" ಅಂದಳು.

ಒಂದು ರಾತ್ರಿ ಇಟ್ಟು ನೋಡಿದ. ಮೂರು ಗಂಟೆಗೆ ತೊಟ್ಟಿ ಬೋರಲಾಗಿತ್ತು. ಗಾಳಿಗೆ ಬಿದ್ದದ್ದಲ್ಲ. ನೀರು ಚೆಲ್ಲಿ, ಒಣಗಲಿ ಎಂದು ಯಾರೋ ಅಚ್ಚುಕಟ್ಟಾಗಿ ಬೋರಲು ಹಾಕಿದಂತೆ. ತಳದ ಮೇಲೆ ಎರಡು ಕಲ್ಲು ಇಟ್ಟಿದ್ದರು.

ಸುಯೆ ಮತ್ತೆ ತೊಟ್ಟಿಯ ಮಾತು ಎತ್ತಲಿಲ್ಲ. ಆ ತೊಟ್ಟಿಯಲ್ಲಿ ಬಟ್ಟೆಯನ್ನೂ ಒಗೆಯಲಿಲ್ಲ.

ಆಗಸ್ಟ್‌ನಲ್ಲಿ ಹವಾಮಾನ ಕಚೇರಿಯಿಂದ ತನಿಖೆಗೆ ಕುಸುಮಿ ಎಂಬ ಅಧಿಕಾರಿ ಬಂದ. ವರ್ಷಕ್ಕೊಮ್ಮೆ ಬರುತ್ತಿದ್ದ. ಒಣಕಲು ಮನುಷ್ಯ, ನಿವೃತ್ತಿಗೆ ಹತ್ತಿರ. ಹಾಳೆಗಳನ್ನು ಹರವಿಕೊಂಡು ಕೂತ. ನೆಬುತಾನಿಯ ಮೇಲಿನ ಊರಿನಲ್ಲೂ ಕೆಳಗಿನ ಊರಿನಲ್ಲೂ ಮೂರು ಗಂಟೆಗೆ ಅಂಕಿ ಇದೆ, ನಿಮ್ಮಲ್ಲಿ ಮಾತ್ರ ಯಾಕೆ ಇಲ್ಲ ಎಂದು ಕೇಳಿದ.

"ಮೂರು ಗಂಟೆಗೆ ನಿಮ್ಮ ಊರಿಗೆ ಯಾರಾದ್ರೂ ಕೊಡೆ ಹಿಡೀತಾರಾ?" ಅಂದ ಕುಸುಮಿ.

ಅಷ್ಟೇ ಅಂದದ್ದು. ಟೊಕುಜೊಗೆ ಅದು ಕಪಾಳಕ್ಕೆ ಹೊಡೆದಂತೆ. ನಿದ್ದೆ ಮಾಡುತ್ತಿದ್ದೀಯ ಅಂತ ಅರ್ಥ. ಆ ರಾತ್ರಿ ಅಂಚೆ ಕಚೇರಿಗೆ ಬಂದು ನನ್ನ ಜೊತೆ ಒಂದು ಬಟ್ಟಲು ಶೋಚು ಸಾರಾಯಿ ಕುಡಿದ. ಆಗಲೇ ನನಗೆ ಎಲ್ಲ ಹೇಳಿದ್ದು. ಯಾರು ಅಂತ ನಿನಗೆ ಗೊತ್ತಾ ಎಂದು ಕೇಳಿದೆ.

"ಗೊತ್ತು" ಅಂದ. "ಅಂಕಿ ಓದೋ ಮುಂಚೆ ಸಣ್ಣಗೆ ಕೆಮ್ತಾನೆ. ಬದುಕಿದ್ದಾಗ ಕೆಮ್ಮುತ್ತಿದ್ದ ಹಾಗೇ."

ಬಟ್ಟಲಲ್ಲಿ ಉಳಿದದ್ದನ್ನು ಒಂದೇ ಗುಟುಕಿಗೆ ಕುಡಿದೆ.

ಇನ್ನೊಂದು ವಿಷಯ ಹೇಳಬೇಕು. ಹಿಂದಿನ ವರ್ಷ ಒಂದು ರಾತ್ರಿ ಟೊಕುಜೊ ಅರವತ್ತು ಅಂತ ಹೇಳಿದ್ದ. ಇಸಾಬುರೊನ ಕಾಲದಲ್ಲಿ ಬಾರಿಸದ ಗಂಟೆ ನನ್ನ ತಲೆಯಲ್ಲಿತ್ತು. ಎಂಬತ್ತು ಆಗದಿದ್ದರೂ ಬಾರಿಸಿಬಿಟ್ಟೆ. ಹೊಳೆ ಏರಲಿಲ್ಲ. ಕತ್ತಲಲ್ಲಿ ದಿಣ್ಣೆಯ ಮೆಟ್ಟಿಲು ಹತ್ತುವಾಗ ಓಕಾ ಅಜ್ಜಿ ಜಾರಿ ಬಿದ್ದಳು. ಎಂಟು ದಿನ ನರಳಿ ಸತ್ತಳು. ಗ್ರಾಮ ಕಚೇರಿಯವರು ಒಂದು ಕಾಗದ ಬರೆದು ನನ್ನ ಹಲಗೆಯ ಮೇಲೆ ಅಂಟಿಸಿದರು. ಎಂಬತ್ತಕ್ಕೆ ಕಡಿಮೆ ಇದ್ದರೆ ಗಂಟೆ ಇಲ್ಲ. ವೀಕ್ಷಕ ತಾನೇ ಅಳೆದ ಅಂಕಿ ಇಲ್ಲದಿದ್ದರೆ ಗಂಟೆ ಇಲ್ಲ. ಹಗ್ಗ ಮುಟ್ಟುವ ಮೊದಲು ನಾನು ಕೇಳಿ ತಿಳಿಯಬೇಕು. ಕೆಳಕೇರಿಯವರೂ ಹೇಳಿದರು, ಇನ್ನೊಂದು ಸಲ ಸುಳ್ಳು ಗಂಟೆಯಾದರೆ ನೀನೇ ಬಂದು ನಮ್ಮ ಮುದುಕರನ್ನು ಹೊರಬೇಕು ಅಂತ.

ಟೊಕುಜೊನ ಒಬ್ಬಳೇ ಮಗಳು ಕಿನುಯೊ. ಕೆಳಕೇರಿಗೇ ಮದುವೆಯಾಗಿದ್ದಳು, ಮರ ಕಡಿಯುವವನ ಮನೆಗೆ. ಆಗಸ್ಟ್‌ನಲ್ಲಿ ತವರಿಗೆ ಬಂದು ಹೆತ್ತಳು. ಗಂಡು ಮಗು. ಸೆಪ್ಟೆಂಬರ್ ಎರಡನೆಯ ವಾರ ಅತ್ತೆ ಬಂದು ಕೂತಳು. ಮಗುವಿಗೆ ಮೂವತ್ತೊಂದು ದಿನ ತುಂಬುತ್ತದೆ, ನಮ್ಮ ಕೇರಿಯ ದೇವರಿಗೆ ತೋರಿಸಬೇಕು, ಕಳಿಸಿ ಅಂದಳು. ಸುಯೆ ಮಳೆ ನಿಲ್ಲಲಿ ಅಂದಳು. ಟೊಕುಜೊ, ಪದ್ಧತಿ ಪದ್ಧತಿಯೇ, ಹೋಗಲಿ ಅಂದ. ತಾನೇ ಕೊಡೆ ಹಿಡಿದು ಇಳಿಜಾರು ಇಳಿಸಿ ಬಂದ.

ಆಮೇಲೆ ಐದು ದಿನ ಮಳೆ ನಿಲ್ಲಲಿಲ್ಲ.

ಐದನೆಯ ದಿನ ಸಂಜೆ ಪಟ್ಟಣದಿಂದ ಎಚ್ಚರಿಕೆ ಬಂತು. ರಾತ್ರಿ ಒಂಬತ್ತಕ್ಕೆ ಟೊಕುಜೊ ಹೇಳಿದ ಅಂಕಿ ಇಪ್ಪತ್ತೆರಡು. ಹನ್ನೆರಡಕ್ಕೆ ಮೂವತ್ತೊಂದು. ಎರಡೂ ಅವನೇ ಅಳೆದದ್ದು. ಟೆಲಿಫೋನ್ ಇಡುವ ಮುಂಚೆ ಅಂದ:

"ಈ ಸಲ ಮುಂಚೆಯೇ ಹೋಗಿ ಕೂರ್ತೀನಿ. ಡಬ್ಬಿ ಬಿಟ್ಟು ಏಳೋದಿಲ್ಲ."

ನಾನು ಬರಲೇ ಎಂದು ಕೇಳಿದೆ. ಗಂಟೆಯ ಹಗ್ಗ ಬಿಟ್ಟು ಎಲ್ಲಿಗೆ ಬರ್ತೀಯ ಅಂದ.

ಇನ್ನು ಹೇಳುವುದು ಅವನ ಬಾಯಿಂದ ಕೇಳಿದ್ದು.

ಎರಡೂವರೆಗೆ ಹೊರಟ. ಹುಲ್ಲಿನ ಮಳೆಕವಚ ಹೊದ್ದಿದ್ದ. ಬಾವಿಯ ನೀರು ಕಟ್ಟೆಯವರೆಗೆ ಏರಿತ್ತು. ಅದರೊಳಗೆ ಮಳೆ ಬೀಳುವ ಸದ್ದು ಮಾತ್ರ ಬೇರೆಯಾಗಿತ್ತು, ಯಾರೋ ಬೆರಳಿನಿಂದ ಚಾಪೆ ತಟ್ಟಿದ ಹಾಗೆ. ಅಂಗಳಕ್ಕೆ ಹೋಗಿ ಡಬ್ಬಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಬೀಗದ ಮೇಲೆ ಒಂದು ಕೈ ಇಟ್ಟ. ಇನ್ನೊಂದು ಕೈಯಲ್ಲಿ ಗಡಿಯಾರ. ಅಳತೆಯ ಗಾಜನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದ. ಗಾಜು ತನ್ನ ಹತ್ತಿರವೇ ಇದ್ದರೆ ಯಾರು ಏನು ಅಳೆದಾರು ಎಂದು.

ಮೂರಕ್ಕೆ ಐದು ನಿಮಿಷ. ಮಳೆ ಒಂದೇ ಸಮ. ಕಡಿಮೆಯೂ ಇಲ್ಲ, ಹೆಚ್ಚೂ ಇಲ್ಲ.

ಮೂರಕ್ಕೆ ಎರಡು ನಿಮಿಷ. ಬಿಳಿ ಪೆಟ್ಟಿಗೆಯ ಬಾಗಿಲ ಕೀಲು ಕಿರ್ ಅಂದಿತು... ನಿಧಾನವಾಗಿ. ಅದು ಅವನ ಬೆನ್ನ ಹಿಂದೆ. ತಿರುಗಲಿಲ್ಲ.

ಲಾಟೀನು ಆರಲಿಲ್ಲ. ಜನ ಹಾಗೆ ಸೇರಿಸಿ ಹೇಳುತ್ತಾರೆ. ಲಾಟೀನು ಉರಿಯುತ್ತಲೇ ಇತ್ತು. ಏನೂ ಕಾಣಲಿಲ್ಲ, ಅಷ್ಟೇ.

ಆಮೇಲೆ ಅಂಗಿಯೊಳಗಿನ ಗಾಜು ತಣ್ಣಗಾಯಿತು. ತೂಕ ಬಂತು. ನೀರು ಸುರಿಯುವ ಸದ್ದು ಕೇಳಿತು. ಮೊದಲು ಗೊಳ್ ಗೊಳ್ ಎಂದು ದಪ್ಪಗೆ... ಗಾಜು ತುಂಬುತ್ತ ಬಂದಂತೆ ಸಣ್ಣಗೆ, ಇನ್ನೂ ಸಣ್ಣಗೆ... ಸದ್ದು ಅವನ ಎದೆಯ ಮೇಲೆ. ಬೀಗದ ಮೇಲಿನ ಕೈ ಹಾಗೇ ಇತ್ತು. ಕೈಯ ಕೆಳಗೆ ಡಬ್ಬಿ ಹಗುರವಾಗುತ್ತಿತ್ತು.

ಸಣ್ಣಗೆ ಒಂದು ಕೆಮ್ಮು.

ಆಮೇಲೆ ಪೆನ್ಸಿಲು ಒದ್ದೆ ಕಾಗದದ ಮೇಲೆ ಎಳೆದ ಸದ್ದು.

ಇನ್ನು ಬಾಟಲಿ ತೆರೆದು ಪ್ರಯೋಜನವಿಲ್ಲ ಎಂದು ಟೊಕುಜೊಗೆ ತಿಳಿಯಿತು. ಸುರಿದು ಆಗಿತ್ತು. ಮೂರು ಗಂಟೆಯ ಮಳೆ ಈಗ ಒಬ್ಬನಿಗೇ ಗೊತ್ತು. ಅವನು ಕೇಳಿದ, ಪಿಸುದನಿಯಲ್ಲಿ.

"ಇಸಾಬುರೊ-ಸಾನ್... ಎಷ್ಟು?"

ಪೆನ್ಸಿಲು ನಿಂತಿತು. ಮಳೆ ಮಾತ್ರ.

"ಕಿನುಯೊ ಕೆಳಗಿದ್ದಾಳೆ. ಮಗುವಿದೆ."

ಕಿವಿಯ ಹತ್ತಿರ, ತುಂಬ ಹತ್ತಿರ, ಆ ಕೆಮ್ಮು.

"ನೂರ ಹದಿನೆಂಟು."

"ನೋಡಿ ಹೇಳ್ತಿದೀರಾ?"

ಬಿಳಿ ಪೆಟ್ಟಿಗೆಯ ಬಾಗಿಲು ಮುಚ್ಚಿಕೊಂಡಿತು. ಚಿಲಕ ಬಿದ್ದ ಸದ್ದು ಕೇಳಿತು. ಟಕ್.

ಟೊಕುಜೊ ಬೀಗ ತೆಗೆದು ನೋಡಿದ. ಬಾಟಲಿ ಖಾಲಿ. ಅಂಗಿಯೊಳಗಿನ ಗಾಜು ಖಾಲಿ, ಒದ್ದೆ.

ಇನ್ನೂರು ಹೆಜ್ಜೆ ಓಡುತ್ತ ಅವನು ಲೆಕ್ಕ ಹಾಕಿದ. ಅರ್ಧ ಗಂಟೆ ಆ ಮಳೆಯಲ್ಲಿ ಕೂತವನು. ಬೆನ್ನ ಮೇಲೆ ಬಿದ್ದ ಮಳೆ ಎಷ್ಟು ಎಂದು ಇಂಥ ಕೆಲಸದವನಿಗೆ ತಿಳಿಯುತ್ತದೆ. ನಲವತ್ತು. ಹೆಚ್ಚೆಂದರೆ ನಲವತ್ತೈದು. ನೂರ ಹದಿನೆಂಟು ಸಾಧ್ಯವೇ ಇಲ್ಲ. ಹೇಳಿದವನು ಯಾರು? ಒಮ್ಮೆ ಸುಳ್ಳು ಅಂಕಿ ಬರೆದು ಒಂಬತ್ತು ಜನರನ್ನು ಕಳೆದವನು. ನಿಯಮದ ಪ್ರಕಾರ ಟೊಕುಜೊ ಅಡ್ಡಗುರುತು ಹಾಕಬೇಕು. ಅಡ್ಡಗುರುತಿಗೆ ಗಂಟೆ ಇಲ್ಲ.

ನನ್ನ ಹಲಗೆಯ ಮೇಲೆ ಟೊಕುಜೊನ ಕರೆ ತೋರಿಸುವ ಮುಚ್ಚಳ ಬಿದ್ದದ್ದು ಮೂರು ಗಂಟೆ ಆರು ನಿಮಿಷಕ್ಕೆ. ಬರೆದುಕೊಂಡಿದ್ದೇನೆ.

"ಮೂರು ಗಂಟೆ. ನೂರ ಹದಿನೆಂಟು."

ದನಿ ಏದುಸಿರಿನಲ್ಲಿತ್ತು. ನಾನು ಕಿಟಕಿಯಾಚೆ ನೋಡಿದೆ. ಮಳೆ ಇತ್ತು. ಅಷ್ಟಿರಲಿಲ್ಲ.

"ಅಣ್ಣ, ಇನ್ನೊಂದ್ಸಲ ಹೇಳು."

"ನೂರ ಹದಿನೆಂಟು."

"ಓಕಾ ಅಜ್ಜೀನ ಮರೀಬೇಡ."

"ಮರೆತಿಲ್ಲ."

ಹಲಗೆಗೆ ಅಂಟಿಸಿದ ಕಾಗದ ನೋಡಿದೆ. ಕೇಳಲೇಬೇಕಿತ್ತು.

"ನೀನೇ ಅಳೆದದ್ದಾ?"

ತಂತಿಯಲ್ಲಿ ಗುಂಯ್ ಎಂಬ ಸದ್ದು... ಅದರ ಹಿಂದೆ ಸುಯೆ ಏನೋ ಕೇಳುತ್ತಿದ್ದದ್ದು... ಹತ್ತು ಎಣಿಸುವಷ್ಟು ಹೊತ್ತು ಕಾದೆ. ಅವನು ನನಗೆ ಯಾವತ್ತೂ ಸುಳ್ಳು ಹೇಳಿದವನಲ್ಲ.

"ನಾನೇ" ಅಂದ.

ಸುಳ್ಳು ಎಂದು ನನಗೆ ಗೊತ್ತಾಯಿತು. ಹಗ್ಗ ಹಿಡಿದು ಎಳೆದೆ.

ಕೆಳಕೇರಿಯವರು ಎದ್ದರು. ಗೊಣಗುತ್ತ ಎದ್ದರು. ಈ ಮಳೆಗೆ ಗಂಟೆ ಬಾರಿಸಿದವನು ಕುಡಿದಿದ್ದಾನೆ ಅಂದರಂತೆ. ಮುದುಕರಿಗೆ ಹಗ್ಗ ಕಟ್ಟಿ ಮೆಟ್ಟಿಲು ಹತ್ತಿಸಿದರು. ಕಿನುಯೊನ ಅತ್ತೆ ಹಾಸಿಗೆ ಬಿಡಲಿಲ್ಲ. ಬೀಗರ ಲೋಟಕ್ಕೆ ಮಳೆ ಜಾಸ್ತಿ ಬೀಳುತ್ತೆ, ನಮ್ಮ ಅಂಗಳಕ್ಕೆ ಬಿದ್ದಿಲ್ಲ ಅಂದಳಂತೆ. ಕಿನುಯೊ ಮಗುವನ್ನು ತಂದು ಅತ್ತೆಯ ಮಡಿಲಲ್ಲಿ ಇಟ್ಟಳು. ತಾನೂ ಪಕ್ಕದಲ್ಲಿ ಕೂತಳು. ನೀವು ಏಳದಿದ್ದರೆ ನಾವೂ ಏಳುವುದಿಲ್ಲ ಅಂದಳು. ಅತ್ತೆ ಬೈಯುತ್ತ ಎದ್ದಳು. ಮೆಟ್ಟಿಲು ಮುಗಿಯುವವರೆಗೂ ಬೈದಳು.

ಮೂರೂವರೆಗೆ ಎಲ್ಲರೂ ಮೇಲಿದ್ದರು. ಎಪ್ಪತ್ಮೂರು ಜನ. ನಾನೂ ದಿಣ್ಣೆಗೆ ಹೋಗಿ ಎಣಿಸಿದೆ. ಎರಡು ಸಲ ಎಣಿಸಿದೆ. ಟೊಕುಜೊ ಬಂದು ಮಗಳಿಂದ ಸ್ವಲ್ಪ ದೂರ ನಿಂತ. ಮಗುವನ್ನು ಎತ್ತಿಕೊಳ್ಳಲಿಲ್ಲ. ಮುಖ ಸತ್ತಂತಿತ್ತು.

ಹೊಳೆ ಏರಲಿಲ್ಲ.

ಕಾಲು ಗಂಟೆ ಹೋಯಿತು. ಮಳೆ ಸಣ್ಣದಾಯಿತು. ಯಾರೋ ಒಬ್ಬ, ಮಳೆಯನ್ನೆಲ್ಲ ಟೊಕುಜೊ ಕುಡಿದುಬಿಟ್ಟಿರಬೇಕು ಅಂದ. ಇಬ್ಬರು ನಕ್ಕರು. ಕೆಳಗಿಳಿಯೋಣ, ಮಕ್ಕಳಿಗೆ ಚಳಿ ಎಂದು ಕೆಲವರು ಲಾಟೀನು ಎತ್ತಿಕೊಂಡರು. ನಾನು ಟೊಕುಜೊನ ಮುಖ ನೋಡಿದೆ. ಅವನು ಮೆಟ್ಟಿಲಿಗೆ ಅಡ್ಡವಾಗಿ ನಿಂತಿದ್ದ. ಇನ್ನು ಸ್ವಲ್ಪ ಹೊತ್ತು ಇರಿ ಎಂದು ಬೇಡುತ್ತಿದ್ದ. ಅವನು ಬೇಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಗ ಹೊಳೆಯ ಸದ್ದು ನಿಂತಿತು.

ಐದು ದಿನದಿಂದ ಗವ್ ಎನ್ನುತ್ತಿದ್ದ ಹೊಳೆ. ಕಿವಿಗೆ ರೂಢಿಯಾಗಿತ್ತು. ಅದು ನಿಂತಾಗ ಎಲ್ಲರೂ ತಲೆ ಎತ್ತಿದರು. ಕೆಳಗಿನಿಂದ ಹಸಿ ಮಣ್ಣಿನ ವಾಸನೆ ಬಂತು. ಬೇರು ಸಮೇತ ಕಿತ್ತ ಮರದ ವಾಸನೆ. ಹೊಳೆಯ ಪಾತ್ರದಲ್ಲಿ ಕಲ್ಲುಗಳಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ದಿಣ್ಣೆಯ ಮೇಲಿಂದ ಅದು ಕೇಳಬಾರದು... ಕೇಳುತ್ತಿತ್ತು.

ಯಾರೂ ಕೆಳಗಿಳಿಯಲಿಲ್ಲ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಬಂತು. ಮೊದಲು ಗಾಳಿ. ಆಮೇಲೆ ಬಂಡೆಗೆ ಬಂಡೆ ಬಡಿಯುವ ಸದ್ದು, ದೊಡ್ಡ ಬೀಸುಕಲ್ಲು ತಿರುಗಿದಂತೆ. ಕತ್ತಲಲ್ಲಿ ನೀರು ಕಾಣಲಿಲ್ಲ. ಮನೆಗಳು ಮುರಿಯುವ ಸದ್ದು ಕೇಳಿತು, ಒಂದಾದ ಮೇಲೆ ಒಂದು. ಕಟ್... ಕಟ್... ಕಟ್... ಜನ ತಮ್ಮ ತಮ್ಮ ಮನೆಯ ಸದ್ದು ಗುರುತಿಸಿದರು. ಹದಿನಾಲ್ಕು ಮನೆ.

ಒಬ್ಬರೂ ಸಾಯಲಿಲ್ಲ.

ಬೆಳಗಾದ ಮೇಲೆ ಗೊತ್ತಾಯಿತು. ಮೇಲೆ, ಎರಡು ಹರದಾರಿ ದೂರದಲ್ಲಿ, ಐದು ದಿನ ನೆನೆದ ಗುಡ್ಡವೊಂದು ಜಾರಿ ಹೊಳೆಗೆ ಅಡ್ಡ ಬಿದ್ದಿತ್ತು. ನೀರು ಹಿಂದೆ ನಿಂತು, ತುಂಬಿ, ಒಡೆದು ಬಂದಿತ್ತು. ಆ ರಾತ್ರಿಯ ಮಳೆ ಹೆಚ್ಚಾಗಿ ಬಂದ ಪ್ರವಾಹವಲ್ಲ.

ಹತ್ತು ದಿನದ ಮೇಲೆ ಕುಸುಮಿ ಬಂದ. ನಾನೂ ಟೊಕುಜೊನ ಮನೆಯಲ್ಲಿದ್ದೆ. ಸುಯೆ ಚಹಾ ಇಟ್ಟಳು, ಉಪ್ಪಿನ ಮೂಲಂಗಿ ಇಟ್ಟಳು. ಕುಸುಮಿ ಎರಡನ್ನೂ ಮುಟ್ಟಲಿಲ್ಲ. ಮೂರು ಊರಿನ ಅಂಕಿ ಮುಂದಿಟ್ಟ. ಆ ರಾತ್ರಿ ಮೂರು ಗಂಟೆಗೆ ಮೇಲಿನ ಊರಿನಲ್ಲಿ ನಲವತ್ತೊಂದು. ಕೆಳಗಿನ ಊರಿನಲ್ಲಿ ಮೂವತ್ತೆಂಟು. ನಡುವೆ ನೆಬುತಾನಿ, ನೂರ ಹದಿನೆಂಟು.

ಊರು ಉಳಿದದ್ದು ಒಳ್ಳೆಯದೇ ಆಯಿತು ಅಂದ. ಆದರೆ ಈ ಅಂಕಿ ಹೊತ್ತಗೆಗೆ ಹೋಗುತ್ತದೆ, ಮುಂದೆ ಸೇತುವೆ ಕಟ್ಟುವವರು ಇದನ್ನು ನಂಬುತ್ತಾರೆ, ಹಾಗಾಗಿ ಕೇಳಬೇಕಾಗಿದೆ ಅಂದ.

"ಇದನ್ನ ನೀವು ಅಳೆದ್ರಾ?"

ನನಗೆ ಟೆಲಿಫೋನಿನಲ್ಲಿ ಹೇಳಿದ ಮಾತನ್ನು ಇನ್ನೊಮ್ಮೆ ಹೇಳಿದ್ದರೆ ಮುಗಿಯುತ್ತಿತ್ತು. ಟೊಕುಜೊ ಪುಸ್ತಕ ತೆರೆದ. ಮೂರು ಗಂಟೆಯ ಸಾಲಿನಲ್ಲಿ ಅವನು ಏನೂ ಬರೆದಿರಲಿಲ್ಲ. ಬಾಯಲ್ಲಿ ಸುಳ್ಳು ಹೇಳಿದವನು ಕಾಗದದ ಮೇಲೆ ಹೇಳಲಾರದೆ ಹೋಗಿದ್ದ.

"ನಾನಲ್ಲ" ಅಂದ. "ಇಸಾಬುರೊ-ಸಾನ್ ಅಳೆದ್ರು."

ಸುಯೆ ತಲೆ ಬಗ್ಗಿಸಿದಳು. ಇಸಾಬುರೊ ಕುಸುಮಿಗೆ ಇಪ್ಪತ್ತು ವರ್ಷದ ಪರಿಚಯ. ಇಸಾಬುರೊ ಸತ್ತಾಗ ಅವನ ಹೆಣದ ಹಿಂದೆ ನಡೆದವರಲ್ಲಿ ಕುಸುಮಿಯೂ ಒಬ್ಬ. ಸಿಗರೇಟು ಹಚ್ಚಿದ. ಅರ್ಧ ಸೇದಿ ಆರಿಸಿದ.

"ಬೇರೆಯವರು ಅಳೆದರೆ ಷರಾದಲ್ಲಿ ಅವರ ಹೆಸರು ಬರೀಬೇಕು" ಅಂದ. "ಬದಲಿ ವೀಕ್ಷಕ ಅಂತ. ಪಕ್ಕದಲ್ಲಿ ಸಹಿಯ ಬದಲು ಅವರ ಮೊಹರು."

"ಮೊಹರು ಎಲ್ಲಿಂದ ತರಲಿ?"

"ನನಗೇನು ಗೊತ್ತು. ನಿಯಮ ಹೇಳಿದೆ. ಮೊಹರಿಲ್ಲದೆ ಬಂದರೆ ಆ ಅಂಕಿಯನ್ನ ನಾನು ಹೊಡೆದು ಹಾಕಬೇಕಾಗುತ್ತೆ."

ಆಗ ಚಹಾ ಕುಡಿದ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದ.

ತಿಂಗಳ ಕೊನೆಗೆ ಟೊಕುಜೊ ಹಾಳೆ ತಂದು ನನ್ನ ಕೈಗೆ ಕೊಟ್ಟ. ನಾನು ಓದಿದೆ. ಮೂರು ಗಂಟೆ, ನೂರ ಹದಿನೆಂಟು. ಷರಾದಲ್ಲಿ ಅವನ ಗುಂಡು ಅಕ್ಷರ: ಬದಲಿ ವೀಕ್ಷಕ, ತರುಮಿ ಇಸಾಬುರೊ. ಮೊಹರಿನ ಜಾಗ ಬಿಳಿಯಾಗಿತ್ತು. ಖಾಲಿ ಬಿಟ್ಟಿದ್ದೀಯಲ್ಲ ಅಂದೆ. ನನ್ನ ಮೊಹರನ್ನ ಅವನ ಹೆಸರಿಗೆ ಹಾಕ್ಲಾ ಅಂದ. ನಾನೇ ಲಕೋಟೆಗೆ ಹಾಕಿ, ಅಂಟಿಸಿ, ಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿದೆ. ಬೆಳಗಿನ ಬಸ್ಸಿಗೆ ಏರಿಸಿದ್ದೂ ನಾನೇ.

ಆಮೇಲೆ ಮೂರು ಗಂಟೆಗೆ ಬಾಟಲಿ ಯಾವತ್ತೂ ಖಾಲಿ ಇರಲಿಲ್ಲ. ಟೊಕುಜೊ ಇನ್ನೂ ಹದಿಮೂರು ವರ್ಷ ಅಳೆದ. ಹಾಸಿಗೆಯಲ್ಲಿ ಸತ್ತ. ಅವನು ಹೋದ ಮರುವರ್ಷ ಆ ಅಂಗಳಕ್ಕೆ ಯಂತ್ರ ಬಂತು. ಈಗ ಮಳೆ ತಾನೇ ತಂತಿಯ ಮೇಲೆ ಪಟ್ಟಣಕ್ಕೆ ಹೋಗುತ್ತದೆ.

ಯಂತ್ರ ಬಂದ ವರ್ಷ ನಾನು ಪಟ್ಟಣದ ಕಚೇರಿಗೆ ಹೋದೆ. ಹಳೆಯ ಹಾಳೆ ಯಾರು ಬೇಕಾದರೂ ನೋಡಬಹುದು. ಎರಡನೆಯ ಮಹಡಿ. ಚೀಟಿಯಲ್ಲಿ ಕೇಂದ್ರದ ಹೆಸರು, ವರ್ಷ, ತಿಂಗಳು ಬರೆದು ಕೊಡಬೇಕು. ಒಬ್ಬಳು ಹೆಂಗಸು ಒಳಗೆ ಹೋಗಿ ಕಟ್ಟು ತರುತ್ತಾಳೆ. ಕಿಟಕಿಯ ಹತ್ತಿರದ ಮೇಜಿನಲ್ಲಿ ಕೂತು ನೋಡಬೇಕು. ನನಗೂ ತಂದಳು. ನೆಬುತಾನಿ, ಶೋವಾ ಶಕೆಯ ಮೂವತ್ತೇಳನೆಯ ವರ್ಷ, ಸೆಪ್ಟೆಂಬರ್. ಕಟ್ಟಿನ ದಾರ ಬಿಚ್ಚಿದಾಗ ಧೂಳು ಎದ್ದಿತು. ಹದಿನಾಲ್ಕು ವರ್ಷದಲ್ಲಿ ಯಾರೂ ಬಿಚ್ಚಿದಂತಿರಲಿಲ್ಲ.

ನೂರ ಹದಿನೆಂಟನ್ನು ಯಾರೂ ಹೊಡೆದು ಹಾಕಿರಲಿಲ್ಲ.

ಷರಾದಲ್ಲಿ ಹೆಸರಿತ್ತು. ಹೆಸರಿನ ಪಕ್ಕ ಕೆಂಪು ಮುದ್ರೆ. ತರುಮಿ ಅಂತ, ಅವನ ಮನೆತನದ ಹೆಸರು. ದುಂಡಗೆ, ಎಡಗಡೆಯ ಅಂಚು ಒಡೆದದ್ದು. ಇಸಾಬುರೊನ ಮೊಹರಿನ ಅಂಚು ಒಡೆದಿತ್ತು, ನನಗೆ ಗೊತ್ತು. ಮರದ ಮೊಹರು. ಅವನ ಕನ್ನಡಕದ ಜೊತೆ ಶವಪೆಟ್ಟಿಗೆಯಲ್ಲಿ ಇಟ್ಟವನು ನಾನು. ಸುಟ್ಟಾಗ ಪಕ್ಕದಲ್ಲಿ ನಿಂತಿದ್ದವನೂ ನಾನು.

ನಂಬುವ ಬಿಡುವ ಮಾತಲ್ಲ ಇದು. ಹಾಳೆ ಅಲ್ಲಿದೆ.

ಮುದ್ರೆಯ ಮೇಲೆ ಬೆರಳಿಟ್ಟೆ. ಬೆರಳಿಗೆ ಕೆಂಪು ಹತ್ತಿತು.